ಯಾರ ಪೈಕಿ? ಲಿಂಕ್‌ಗಳ ಜಾಡು ಹಿಡಿದು ಅಂತರ್ಜಾಲದ ಬಳಗಗಳ ನಕ್ಷೆ ಮಾಡುವುದು ಹೇಗೆ

ಉಡುಪಿ ಕಡೆಯ ಮದುವೆ ಊಟಕ್ಕೆ ಕೂತರೆ ಪಕ್ಕದವರು ಕೇಳುವ ಮೊದಲ ಪ್ರಶ್ನೆ, "ನೀವು ಯಾರ ಪೈಕಿ?" ಹೆಸರು, ಕೆಲಸ ಎಲ್ಲ ಆಮೇಲೆ. ಯಾರ ಮನೆಗೆ ಹೋಗಿ ಬರುತ್ತೀರಿ, ನಿಮ್ಮನ್ನು ಬಲ್ಲವರು ಯಾರು ಅಂತ ಗೊತ್ತಾದರೆ ನಿಮ್ಮ ಬಗ್ಗೆ ಅರ್ಧ ತಿಳಿದ ಹಾಗೆಯೇ.

ಅಂತರ್ಜಾಲದ ತಾಣಗಳನ್ನೂ ಇದೇ ಪ್ರಶ್ನೆ ಕೇಳಬಹುದು. ಒಂದು ತಾಣ ಇನ್ನೊಂದಕ್ಕೆ ಲಿಂಕ್ ಕೊಟ್ಟಿದೆ ಎಂದರೆ ಯಾರೋ ಒಬ್ಬರು ಕೂತು, "ಇವರನ್ನೂ ನೋಡಿ" ಎಂದು ಹೇಳಿದ್ದಾರೆ. ಇಂಥ ನೂರಾರು ಮಾತುಗಳನ್ನು ಒಟ್ಟು ಸೇರಿಸಿದರೆ ಯಾರು ಯಾರ ಬಳಗ, ಎರಡು ಬಳಗಗಳ ನಡುವೆ ಓಡಾಡುವವರು ಯಾರು, ಯಾರ ಕಡೆಗೂ ಸೇರದೆ ಒಂಟಿಯಾಗಿ ಉಳಿದವರು ಯಾರು ಎಂಬುದು ಕಾಣತೊಡಗುತ್ತದೆ. ಇದನ್ನೇ ಲಿಂಕ್ ಅನಾಲಿಸಿಸ್ ಅನ್ನುತ್ತಾರೆ.

ನಾನು ಮಂಗಳೂರಿನಲ್ಲಿ ಕೂತು ಯಕ್ಷಗಾನದ ತಾಣಗಳ ನಕ್ಷೆ ಮಾಡಿದ್ದೇನೆ. ಈ ಬರಹದಲ್ಲಿ ಅದನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ. ನೀವು ಕಂಬಳ, ತುಳು ಲಿಪಿ, ಕೊಂಕಣಿ ಸಾಹಿತ್ಯ, ಮೀನುಗಾರಿಕೆ ಯಾವುದನ್ನೂ ತೆಗೆದುಕೊಳ್ಳಬಹುದು. ಬೇಕಾಗುವುದು ಒಂದು ಲ್ಯಾಪ್‌ಟಾಪ್, ಒಂದು ಸ್ಪ್ರೆಡ್‌ಶೀಟ್, ಜಾಲದ ಚಿತ್ರ ಬಿಡಿಸುವ ಗೆಫಿ ಎಂಬ ಉಚಿತ ಸಾಫ್ಟ್‌ವೇರ್ ಮತ್ತು ಒಂದು ನೋಟ್‌ಬುಕ್. ಪ್ರೋಗ್ರಾಮಿಂಗ್ ಬರಬೇಕಾಗಿಲ್ಲ. ತಾಳ್ಮೆ ಮಾತ್ರ ಜಾಸ್ತಿ ಬೇಕು.

ಸರ್ಚ್ ಮಾಡಿದರೆ ಸಾಲದೇ?

ಸಾಲದು. ನಮ್ಮ ಕರಾವಳಿಯಲ್ಲಂತೂ ಖಂಡಿತ ಸಾಲದು. ಇಲ್ಲಿ ಒಂದೇ ಮನೆಯಲ್ಲಿ ತುಳು, ಕನ್ನಡ, ಕೊಂಕಣಿ, ಬ್ಯಾರಿ ಓಡಾಡುತ್ತವೆ. ಕೊಂಕಣಿಯನ್ನು ಕನ್ನಡ ಲಿಪಿಯಲ್ಲೂ ಬರೆಯುತ್ತಾರೆ, ರೋಮನ್ ಲಿಪಿಯಲ್ಲೂ ಬರೆಯುತ್ತಾರೆ. ಮಂಗಳೂರಿನ ಇಂಗ್ಲಿಷ್ ಕಾಗುಣಿತ 2014ರ ನವೆಂಬರ್ 1ರಂದು ಅಧಿಕೃತವಾಗಿ ಬದಲಾಯಿತು. ಹಳೆಯ ತಾಣಗಳಲ್ಲಿ ಮ್ಯಾಂಗಲೋರ್, ಹೊಸದರಲ್ಲಿ ಮಂಗಳೂರು. ಒಂದು ಪದ ಹಾಕಿ ಹುಡುಕಿದರೆ ಅರ್ಧ ಊರು ಕೈತಪ್ಪುತ್ತದೆ.

ಇನ್ನೊಂದು ತೊಡಕು ಫಾಂಟ್. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಸಂಕೇತ ಪಟ್ಟಿಯಾದ ಯೂನಿಕೋಡ್ ಬಳಕೆಗೆ ಬರುವ ಮುಂಚೆ ಕನ್ನಡ ತಾಣಗಳು ನುಡಿ, ಬರಹ, ಶ್ರೀಲಿಪಿಯಂಥ ಫಾಂಟ್‌ಗಳಲ್ಲಿ ಇದ್ದವು. ಅಂಥ ಪುಟ ಈಗ ತೆರೆದರೆ ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಸರ್ಚ್ ಎಂಜಿನ್‌ಗೂ ಅದು ಕನ್ನಡ ಅಂತ ಗೊತ್ತಾಗುವುದಿಲ್ಲ. ಆದರೆ ಆ ರಾಶಿಯ ನಡುವೆ ಇರುವ ಲಿಂಕ್ ಹಾಳಾಗಿರುವುದಿಲ್ಲ. ಅದರ ವಿಳಾಸ ಹಾಗೇ ಇರುತ್ತದೆ. ಓದಲಾಗದ ಪುಟವೂ ತನ್ನ ನೆಂಟರು ಯಾರೆಂದು ಹೇಳುತ್ತದೆ. ಈ ಕೆಲಸದಲ್ಲಿ ನನಗೆ ಬಹಳ ಇಷ್ಟವಾದ ಸಂಗತಿ ಇದು. ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಿಂದ ಕಂಪ್ಯೂಟರಿನಲ್ಲಿ ಕನ್ನಡ ಬೆಳೆದ ನೆಲದಲ್ಲಿ ಇದ್ದುಕೊಂಡು, ಆ ಕಾಲದ ಪುಟಗಳನ್ನು ಕಸ ಎಂದು ಬಿಟ್ಟುಬಿಡಲು ಮನಸ್ಸು ಬರುವುದಿಲ್ಲ.

ಈ ಯೋಚನೆ ಎಲ್ಲಿಂದ ಬಂತು ಎಂಬುದನ್ನೂ ಸ್ವಲ್ಪ ಹೇಳಿಬಿಡುತ್ತೇನೆ. ಇದರ ಬೇರು ಗ್ರಂಥಾಲಯದಲ್ಲಿದೆ. 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಗಣಿತದ ಮೇಷ್ಟ್ರಾಗಿ ಕೆಲಸಕ್ಕೆ ಸೇರಿದ ಎಸ್. ಆರ್. ರಂಗನಾಥನ್ ಮುಂದೆ ನಮ್ಮ ದೇಶದ ಗ್ರಂಥಾಲಯ ವಿಜ್ಞಾನಕ್ಕೆ ತಳಪಾಯ ಹಾಕಿದರು. ಗ್ರಂಥಾಲಯದ ಕೆಲಸವನ್ನು ಅಂಕೆಗಳಲ್ಲಿ ಅಳೆಯುವುದಕ್ಕೆ 1948ರಲ್ಲಿ ಲೈಬ್ರಮೆಟ್ರಿ ಎಂಬ ಹೆಸರನ್ನೂ ಸೂಚಿಸಿದರು. ಅತ್ತ ಅಮೆರಿಕದಲ್ಲಿ ಯೂಜೀನ್ ಗಾರ್‌ಫೀಲ್ಡ್ ಯಾವ ಪ್ರಬಂಧ ಯಾವುದನ್ನು ಉಲ್ಲೇಖಿಸಿದೆ ಎಂಬುದರ ಸೂಚಿಯನ್ನು 1964ರಲ್ಲಿ ತಂದರು. ಒಂದೇ ಪ್ರಬಂಧವನ್ನು ಉಲ್ಲೇಖಿಸುವ ಎರಡು ಪ್ರಬಂಧಗಳು ಹತ್ತಿರದವು ಎಂದು ಕೆಸ್ಲರ್ 1963ರಲ್ಲಿ ತೋರಿಸಿದರು. ಜೊತೆಜೊತೆಯಾಗಿ ಉಲ್ಲೇಖಗೊಳ್ಳುವ ಎರಡು ಪ್ರಬಂಧಗಳೂ ಹತ್ತಿರದವೇ ಎಂದು ಹೆನ್ರಿ ಸ್ಮಾಲ್ 1973ರಲ್ಲಿ ತೋರಿಸಿದರು. ವೆಬ್ ಬಂದಮೇಲೆ ಉಲ್ಲೇಖದ ಜಾಗದಲ್ಲಿ ಲಿಂಕ್ ಕೂತಿತು. 1998ರಲ್ಲಿ ಗೂಗಲ್‌ನ ಬ್ರಿನ್ ಮತ್ತು ಪೇಜ್ ಅವರ, ಲಿಂಕ್ ನೋಡಿ ಪುಟಗಳ ಮಹತ್ವ ಅಳೆಯುವ ಪೇಜ್‌ರ‍್ಯಾಂಕ್, ಅದೇ ಹೊತ್ತಿಗೆ ಜಾನ್ ಕ್ಲೈನ್‌ಬರ್ಗ್ ಅವರ ಹಬ್ ಮತ್ತು ಅಥಾರಿಟಿ ಲೆಕ್ಕ ಬಂದವು. ಇಷ್ಟು ಸಾಕು. ಈಗ ಕೆಲಸಕ್ಕೆ ಇಳಿಯೋಣ.

ಮೊದಲ ಹೆಜ್ಜೆ: ಪ್ರಶ್ನೆಯನ್ನು ಒಂದು ಸಾಲಿನಲ್ಲಿ ಬರೆಯಿರಿ

"ಯಕ್ಷಗಾನದ ತಾಣಗಳ ನಕ್ಷೆ ಮಾಡಬೇಕು" ಅನ್ನುವುದು ಪ್ರಶ್ನೆ ಅಲ್ಲ. ನನ್ನ ನೋಟ್‌ಬುಕ್‌ನ ಮೊದಲ ಸಾಲು ಹೀಗಿದೆ: "ತೆಂಕುತಿಟ್ಟಿನ ತಾಣಗಳು ಮತ್ತು ಬಡಗುತಿಟ್ಟಿನ ತಾಣಗಳು ಒಂದಕ್ಕೊಂದು ಲಿಂಕ್ ಕೊಡುತ್ತವೆಯೇ? ಕೊಡುವುದಾದರೆ ಯಾರ ಮೂಲಕ?"

ರಂಗಸ್ಥಳದಲ್ಲಿ ತೆಂಕು (ದಕ್ಷಿಣ), ಬಡಗು (ಉತ್ತರ) ಎಂಬ ಯಕ್ಷಗಾನದ ಈ ಎರಡು ಶೈಲಿಗಳ ಗಡಿ ಸುಮಾರಾಗಿ ಗೊತ್ತಿದೆ. ಉಡುಪಿಯಿಂದ ತೆಂಕಿಗೆ ಕಾಸರಗೋಡಿನವರೆಗೆ ಒಂದು ಬಗೆಯ ವೇಷ, ಒಂದು ಬಗೆಯ ಹಿಮ್ಮೇಳ. ಬ್ರಹ್ಮಾವರ, ಕುಂದಾಪುರದ ಕಡೆಗೆ ಹೋದರೆ ಇನ್ನೊಂದು. ವೆಬ್‌ನಲ್ಲೂ ಗಡಿ ಹಾಗೇ ಇದೆಯೇ ಎಂಬುದು ನನ್ನ ಕುತೂಹಲ. ಇಂಥ ಒಂದು ಸಾಲು ಇದ್ದರೆ ಮುಂದೆ ಪ್ರತಿಯೊಂದು ತೀರ್ಮಾನಕ್ಕೂ ಅದೇ ಅಳತೆಗೋಲು.

ಎರಡನೇ ಹೆಜ್ಜೆ: ಬೀಜ ತಾಣಗಳು

ಹುಡುಕಾಟ ಶುರುವಾಗುವ ತಾಣಗಳಿಗೆ ಬೀಜ ತಾಣ ಅನ್ನೋಣ. 15ರಿಂದ 30 ಇದ್ದರೆ ಒಳ್ಳೆಯದು. ಇವುಗಳನ್ನು ಒಂದೇ ಕಡೆಯಿಂದ ಆರಿಸಬೇಡಿ. ನಾನು ಮಂಗಳೂರಿನವನಾದ್ದರಿಂದ ನನಗೆ ಮೊದಲು ನೆನಪಾದವೆಲ್ಲ ತೆಂಕಿನವೇ. ಹಾಗೇ ಶುರು ಮಾಡಿದ್ದರೆ ನಕ್ಷೆಯೂ ತೆಂಕೇ ದೊಡ್ಡದು ಅನ್ನುತ್ತಿತ್ತು. ಅದಕ್ಕೆ ಕುಂದಾಪುರದ ಗೆಳೆಯರೊಬ್ಬರನ್ನು ಕೂರಿಸಿಕೊಂಡು ಎರಡೂ ಕಡೆಯಿಂದ ಸಮ ಸಮ ಆರಿಸಿದೆ. ಮೇಳಗಳ ತಾಣ, ಹವ್ಯಾಸಿ ಸಂಘಗಳದು, ಕಲಾವಿದರದು, ಪ್ರಸಂಗ (ಆಟದ ಕಥೆಯ ಪಠ್ಯ) ಸಂಗ್ರಹ, ಕೂತು ಮಾತಿನಲ್ಲೇ ಕಥೆ ನಡೆಸುವ ತಾಳಮದ್ದಳೆಯ ಆಸಕ್ತರದು, ಮುಂಬಯಿ ಮತ್ತು ಕೊಲ್ಲಿ ದೇಶಗಳಲ್ಲಿರುವ ನಮ್ಮವರದು ಎಲ್ಲವೂ ಒಂದೆರಡಾದರೂ ಇರಲಿ.

ಬೀಜ ಸಿಗಲು ವಿಕಿಪೀಡಿಯ ಚೆನ್ನಾಗಿ ನೆರವಾಗುತ್ತದೆ. ಕನ್ನಡ ವಿಕಿಪೀಡಿಯ, 2016ರಲ್ಲಿ ಸ್ವಂತ ತಾಣವಾದ ತುಳು ವಿಕಿಪೀಡಿಯ ಎರಡರಲ್ಲೂ ಯಕ್ಷಗಾನದ ಲೇಖನಗಳ ಕೆಳಗಿನ ಹೊರಗಿನ ಕೊಂಡಿಗಳನ್ನು ನೋಡಿ. ಅಲ್ಲಿನ ವಿಶೇಷ ಪುಟಗಳ ಪೈಕಿ ಒಂದರಲ್ಲಿ ಒಂದು ತಾಣದ ವಿಳಾಸ ಕೊಟ್ಟರೆ ಅದಕ್ಕೆ ಲಿಂಕ್ ಇರುವ ಲೇಖನಗಳೆಲ್ಲ ಬರುತ್ತವೆ.

ಮೂರನೇ ಹೆಜ್ಜೆ: ಬೇಲಿ ಹಾಕಿ

ಲಿಂಕ್ ಹಿಡಿದು ಹೊರಟರೆ ಕೊನೆಯೇ ಇಲ್ಲ. ಮೇಳದ ತಾಣದಿಂದ ದೇವಸ್ಥಾನ, ಅಲ್ಲಿಂದ ಪ್ರವಾಸ, ಅಲ್ಲಿಂದ ಹೋಟೆಲ್ ಬುಕಿಂಗ್. ನಾಲ್ಕು ಜಿಗಿತಕ್ಕೆ ನೀವು ಸಿಂಗಾಪುರದಲ್ಲಿ ಇರುತ್ತೀರಿ. ಆದ್ದರಿಂದ ಯಾವುದು ಒಳಗೆ, ಯಾವುದು ಹೊರಗೆ ಎಂಬ ನಿಯಮವನ್ನು ಮೊದಲೇ ಬರೆದಿಡಿ. ನನ್ನ ನಿಯಮ ಎರಡು. ತಾಣದ ಮುಖ್ಯ ವಿಷಯ ಯಕ್ಷಗಾನ ಆಗಿರಬೇಕು. ಮತ್ತು ಕಡೇಪಕ್ಷ ಎರಡು ಒಳಗಿನ ತಾಣಗಳು ಅದಕ್ಕೆ ಲಿಂಕ್ ಕೊಟ್ಟಿರಬೇಕು, ಇಲ್ಲವೇ ಅದು ಅಂಥ ಎರಡಕ್ಕೆ ಲಿಂಕ್ ಕೊಟ್ಟಿರಬೇಕು. ದಿನಪತ್ರಿಕೆಗಳು ಹೊರಗೆ. ಯಾಕೆಂದರೆ ಅವುಗಳಿಗೆ ಎಲ್ಲರೂ ಲಿಂಕ್ ಕೊಡುತ್ತಾರೆ, ಅದರಿಂದ ಬಳಗ ಗೊತ್ತಾಗುವುದಿಲ್ಲ.

ನಾಲ್ಕನೇ ಹೆಜ್ಜೆ: ಲಿಂಕ್ ಸಂಗ್ರಹ

ಮೊದಲ ಸಲ ಕೈಯಲ್ಲೇ ಮಾಡಿ. ಇದು ನನ್ನ ಗಟ್ಟಿ ಸಲಹೆ. ಒಂದೊಂದೇ ತಾಣ ತೆರೆದು, ಲಿಂಕ್‌ಗಳ ಪುಟ, ಬದಿಯ ಪಟ್ಟಿ, ಕೃತಜ್ಞತೆ ಹೇಳಿರುವ ಜಾಗ ನೋಡಿ, ಸ್ಪ್ರೆಡ್‌ಶೀಟ್‌ನಲ್ಲಿ ಎರಡು ಕಾಲಂ ತುಂಬಿ. ಮೊದಲ ಕಾಲಂನಲ್ಲಿ ಲಿಂಕ್ ಕೊಟ್ಟವರು, ಎರಡನೆಯದರಲ್ಲಿ ಪಡೆದವರು. ಮೂರನೇ ಕಾಲಂ ನಾನೇ ಸೇರಿಸಿಕೊಂಡದ್ದು: ಲಿಂಕ್ ಪುಟದ ಯಾವ ಭಾಗದಲ್ಲಿತ್ತು? ಬರಹದ ನಡುವೆಯೋ, ಬದಿಯಲ್ಲೋ, ತಳದಲ್ಲೋ? ಈ ಕಾಲಂ ಆಮೇಲೆ ನನ್ನನ್ನು ಉಳಿಸಿತು, ಹೇಳುತ್ತೇನೆ.

ಇಪ್ಪತ್ತು ತಾಣ ಕೈಯಲ್ಲಿ ನೋಡಿದರೆ ನಿಮ್ಮ ಬಳಗದ ಅಭ್ಯಾಸ ಗೊತ್ತಾಗುತ್ತದೆ. ಆಮೇಲೆ ಯಂತ್ರಕ್ಕೆ ಕೊಡಿ. ಪ್ಯಾರಿಸ್‌ನ ಸಿಯಾನ್ಸ್ ಪೊ ವಿದ್ಯಾಸಂಸ್ಥೆಯ ಮೀಡಿಯಾಲ್ಯಾಬ್ ಮಾಡಿರುವ ಹೈಫ್ ಎಂಬ ಉಚಿತ ಸಾಧನ ಇದಕ್ಕೆಂದೇ ಇದೆ. ಇನ್‌ಸ್ಟಾಲ್ ಮಾಡಲು ಡಾಕರ್ ಎಂಬ ಇನ್ನೊಂದು ಸಾಫ್ಟ್‌ವೇರ್ ಬೇಕು. ಅದು ಗೊತ್ತಿರುವವರ ಸಹಾಯ ಪಡೆಯಿರಿ. ಹೈಫ್ ನಿಮ್ಮ ಬೀಜ ತಾಣಗಳನ್ನು ಸುತ್ತಿ, ಸಿಕ್ಕ ಹೊಸ ತಾಣಗಳನ್ನು ನಿಮ್ಮ ಮುಂದೆ ಇಡುತ್ತದೆ. ಒಳಗೆ, ಹೊರಗೆ, ತೀರ್ಮಾನವಾಗಿಲ್ಲ ಎಂದು ನೀವು ಒಂದೊಂದಕ್ಕೂ ಹೇಳಬೇಕು. ನಿರ್ಧಾರ ಮನುಷ್ಯರದ್ದೇ ಆಗಿರುವುದರಿಂದಲೇ ನನಗೆ ಈ ಸಾಧನ ಹಿಡಿಸಿತು.

ಕ್ರಾಲ್ ಮಾಡುವಾಗ, ಅಂದರೆ ಯಂತ್ರ ಲಿಂಕ್ ಹಿಡಿದು ಪುಟಗಳನ್ನು ಸುತ್ತುವಾಗ, ಆಳ 1 ಇಡಿ. ಅಂದರೆ ಮುಖಪುಟ ಮತ್ತು ಅಲ್ಲಿಂದ ಒಂದು ಕ್ಲಿಕ್ ದೂರದ ಪುಟಗಳು. ಬಹಳ ಹೊತ್ತು ಯೋಚಿಸಿದ ಮೇಲೆಯೇ 2. ಯಂತ್ರ ಒಂದು ಪುಟ ಕೇಳುವುದಕ್ಕೂ ಇನ್ನೊಂದು ಕೇಳುವುದಕ್ಕೂ ನಡುವೆ ಎರಡು ಮೂರು ಸೆಕೆಂಡ್ ಬಿಡುವು ಇರಲಿ. ರೋಬಾಟ್ಸ್ ಡಾಟ್ ಟಿಎಕ್ಸ್‌ಟಿ ಎಂಬ ಕಡತದಲ್ಲಿ ತಾಣದವರು ಯಂತ್ರಗಳು ಬರುವುದು ಬೇಡ ಎಂದಿದ್ದರೆ ಬಿಟ್ಟುಬಿಡಿ. ನಮ್ಮ ಸಣ್ಣ ಸಂಘಗಳ ತಾಣಗಳು ಕಡಿಮೆ ದುಡ್ಡಿನ ಸರ್ವರ್‌ನಲ್ಲಿ ನಡೆಯುತ್ತವೆ. ನಮ್ಮ ನಕ್ಷೆಗಾಗಿ ಅವರ ತಾಣ ಮಲಗಬಾರದು.

ಯಾವಾಗ ಕ್ರಾಲ್ ಮಾಡುತ್ತೀರಿ ಎಂಬುದೂ ಮುಖ್ಯ. ಮೇಳಗಳು ತಿರುಗಾಟಕ್ಕೆ ಹೊರಡುವುದು ನವೆಂಬರ್ ಹೊತ್ತಿಗೆ, ಗೆಜ್ಜೆ ಬಿಚ್ಚುವುದು ಮೇ ತಿಂಗಳಲ್ಲಿ ಬರುವ ತುಳುನಾಡಿನ ಪತ್ತನಾಜೆ ಎಂಬ ದಿನದ ಸುಮಾರಿಗೆ. ಮಳೆಗಾಲದಲ್ಲಿ ತಾಳಮದ್ದಳೆಯ ಕಾಲ. ತಾಣಗಳ ಸುದ್ದಿ ಪುಟಗಳೂ ಅದಕ್ಕೆ ತಕ್ಕಂತೆ ಬದಲಾಗುತ್ತವೆ. ಸಾಧ್ಯವಾದರೆ ಜನವರಿಯಲ್ಲಿ ಒಮ್ಮೆ, ಜುಲೈನಲ್ಲಿ ಒಮ್ಮೆ ಮಾಡಿ.

ಐದನೇ ಹೆಜ್ಜೆ: ಶುಚಿ ಮಾಡುವುದು

ಒಟ್ಟು ಕೆಲಸದ ಅರ್ಧ ಹೊತ್ತು ಇಲ್ಲೇ ಹೋಗುತ್ತದೆ, ಹೋಗಬೇಕು ಕೂಡ.

ನನ್ನ ಮೊದಲ ನಕ್ಷೆಯಲ್ಲಿ ಒಂದು ಬಿಗಿಯಾದ ಗುಂಪು ಕಂಡಿತು. ಎರಡು ಯಕ್ಷಗಾನ ಸಂಘ, ಒಂದು ದೇವಸ್ಥಾನ, ಒಂದು ಶಾಲೆಯ ಹಳೆ ವಿದ್ಯಾರ್ಥಿ ಸಂಘ, ಮಲ್ಪೆ ಕಡೆಯ ಒಂದು ಐಸ್ ಪ್ಲಾಂಟ್. ಇದೇನು ಹೊಸ ಬಳಗ ಅಂತ ನಾನು ಎರಡು ದಿನ ಯೋಚಿಸಿದೆ. ಐಸ್ ಪ್ಲಾಂಟ್‌ನವರು ಯಕ್ಷಗಾನದ ಆಟ ಆಡಿಸುತ್ತಾರೋ ಏನೋ ಎಂದೂ ಅಂದುಕೊಂಡೆ. ಕೊನೆಗೆ ಆ ಮೂರನೇ ಕಾಲಂ ನೋಡಿದಾಗ ಗೊತ್ತಾಯಿತು: ಎಲ್ಲ ಲಿಂಕ್‌ಗಳೂ ಪುಟದ ತಳದಲ್ಲಿದ್ದವು. ಎಲ್ಲವನ್ನೂ ಮಾಡಿಕೊಟ್ಟದ್ದು ಒಂದೇ ವೆಬ್ ಡಿಸೈನ್ ಅಂಗಡಿ. ಅವರು ತಮ್ಮ ಗಿರಾಕಿಗಳ ತಾಣದ ತಳದಲ್ಲಿ ತಮ್ಮ ಹೆಸರನ್ನೂ, ಜೊತೆಗೆ ಉಳಿದ ಗಿರಾಕಿಗಳ ಹೆಸರನ್ನೂ ಹಾಕಿದ್ದರು. ಅಲ್ಲಿ ಯಾರೂ ಯಾರಿಗೂ "ಇವರನ್ನು ನೋಡಿ" ಎಂದು ಹೇಳಿರಲಿಲ್ಲ.

ಆದ್ದರಿಂದ ತಳದ ಲಿಂಕ್‌ಗಳನ್ನು ಬೇರೆ ಹಾಳೆಗೆ ಎತ್ತಿಡಿ. ಫೇಸ್‌ಬುಕ್, ಯೂಟ್ಯೂಬ್, ವಾಟ್ಸಾಪ್ ಶೇರ್ ಬಟನ್‌ಗಳು, ಭೇಟಿ ಎಣಿಸುವ ಕೌಂಟರ್‌ಗಳು, ಫಾಂಟ್ ಇಳಿಸಿಕೊಳ್ಳುವ ಕೊಂಡಿ, ದೇಣಿಗೆಯ ಪೇಮೆಂಟ್ ಪುಟ, ಇವೆಲ್ಲ ಹೊರಗೆ. ಇವನ್ನು ತೆಗೆಯದೆ ಬಿಟ್ಟರೆ ನಕ್ಷೆಯ ನಡುವೆ ಯೂಟ್ಯೂಬ್ ಒಂದು ದೊಡ್ಡ ಚಕ್ರದ ಹಾಗೆ ಕೂತು ಉಳಿದವರೆಲ್ಲ ಅದರ ಸುತ್ತ ಅಂಟಿಕೊಳ್ಳುತ್ತಾರೆ.

ಒಂದೇ ತಾಣ ಹಲವು ಹೆಸರಲ್ಲಿ ಬರುವುದನ್ನೂ ಕೂಡಿಸಬೇಕು. ಮುಂದೆ ಮೂರು ಡಬ್ಲ್ಯು ಇರುವುದು, ಇಲ್ಲದಿರುವುದು, ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್ ಎಲ್ಲ ಒಂದೇ. ಬ್ಲಾಗ್‌ಸ್ಪಾಟ್‌ನ ಹಳೆಯ ಲಿಂಕ್‌ಗಳ ಕೊನೆಯಲ್ಲಿ ಡಾಟ್ ಇನ್ ಇದ್ದರೆ ಅದನ್ನು ಅದೇ ಬ್ಲಾಗಿನ ಡಾಟ್ ಕಾಮ್ ವಿಳಾಸಕ್ಕೆ ಸೇರಿಸಿ. ಆದರೆ ಬ್ಲಾಗ್‌ಸ್ಪಾಟ್ ಅನ್ನುವುದನ್ನೇ ಒಂದು ತಾಣ ಅಂತ ಎಣಿಸಬೇಡಿ. ಅದು ಒಂದು ದೊಡ್ಡ ಅಪಾರ್ಟ್‌ಮೆಂಟ್ ಇದ್ದ ಹಾಗೆ, ಒಳಗಿನ ಒಂದೊಂದು ಮನೆಯೂ ಬೇರೆ.

ಬದಿಯ ಪಟ್ಟಿಯ ಲಿಂಕ್ ಪ್ರತಿ ಪುಟದಲ್ಲೂ ಕಾಣುತ್ತದೆ. 400 ಪುಟದ ಬ್ಲಾಗ್ ಆದರೆ ಯಂತ್ರ ಅದನ್ನು 400 ಸಲ ಎಣಿಸುತ್ತದೆ. ಬರೆದವರು ಹೇಳಿದ್ದು ಒಂದೇ ಸಲ. ತಾಣದಿಂದ ತಾಣಕ್ಕೆ ಲಿಂಕ್ ಒಂದೇ ಎಂದು ಇಡಿ.

ಇನ್ನು ಸತ್ತ ತಾಣಗಳು. ಡೊಮೈನ್ ಶುಲ್ಕ ಕಟ್ಟದೆ ಬಿಟ್ಟರೆ ವಿಳಾಸ ಬೇರೆಯವರ ಕೈಸೇರುತ್ತದೆ. ಒಂದು ಹಳೆಯ ಸಂಘದ ವಿಳಾಸ ತೆರೆದಾಗ ನನಗೆ ಬೆಟ್ಟಿಂಗ್ ಜಾಹೀರಾತು ಸಿಕ್ಕಿತು. ಮನಸ್ಸಿಗೆ ಬೇಜಾರಾಯಿತು. ಇಂಥವನ್ನು ಅಳಿಸಬೇಡಿ. ಇಂಟರ್‌ನೆಟ್ ಆರ್ಕೈವ್ 2001ರಲ್ಲಿ ಎಲ್ಲರಿಗೂ ತೆರೆದ ವೇಬ್ಯಾಕ್ ಮಷೀನ್‌ನಲ್ಲಿ ಆ ವಿಳಾಸ ಹಾಕಿ ಹಳೆಯ ಪುಟ ನೋಡಿ, ಸಿಕ್ಕರೆ "ಈಗಿಲ್ಲ" ಎಂಬ ಗುರುತಿನೊಂದಿಗೆ ಸೇರಿಸಿ. 2013ರಲ್ಲಿದ್ದ ವೆಬ್ ಪುಟಗಳಲ್ಲಿ 38 ಶೇಕಡಾ ಹತ್ತು ವರ್ಷದಲ್ಲಿ ಸಿಗದೆ ಹೋಗಿವೆ ಎಂದು ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಹೇಳಿದೆ. ಈಗಿರುವ ಪುಟ ಮಾತ್ರ ನೋಡಿದರೆ ಎಷ್ಟೋ ಸಂಬಂಧಗಳು ಕಾಣುವುದೇ ಇಲ್ಲ.

ಆರನೇ ಹೆಜ್ಜೆ: ಏಳು ತಾಣಗಳ ಲೆಕ್ಕ ಕಾಗದದ ಮೇಲೆ

ಸಾಫ್ಟ್‌ವೇರ್ ತೆರೆಯುವ ಮೊದಲು ಇದನ್ನು ಪೆನ್ಸಿಲ್ ಹಿಡಿದು ಮಾಡಿ. ಇಲ್ಲಿರುವುದು ಅಭ್ಯಾಸಕ್ಕೆ ನಾನು ಕಟ್ಟಿದ ಹೆಸರುಗಳು. ತೆಂಕಿನ ಕಡೆ ಚೆಂಡೆ, ಗೆಜ್ಜೆ, ಮದ್ದಳೆ ಎಂಬ ಮೂರು ತಾಣ. ಬಡಗಿನ ಕಡೆ ಮುಂಡಾಸು, ಕೇದಗೆ, ತಾಳ ಎಂಬ ಮೂರು. ಏಳನೆಯದು ಪ್ರಸಂಗಗಳನ್ನು ಸಂಗ್ರಹಿಸಿಟ್ಟ ತಾಣ, ಅದಕ್ಕೆ ಪ್ರಸಂಗ ಅನ್ನೋಣ.

ಚೆಂಡೆ ಗೆಜ್ಜೆಗೆ ಲಿಂಕ್ ಕೊಡುತ್ತದೆ, ಗೆಜ್ಜೆ ಚೆಂಡೆಗೆ. ಮದ್ದಳೆ ಇಬ್ಬರಿಗೂ ಕೊಡುತ್ತದೆ. ಅತ್ತ ಮುಂಡಾಸು ಮತ್ತು ಕೇದಗೆ ಪರಸ್ಪರ ಕೊಡುತ್ತವೆ, ತಾಳ ಮುಂಡಾಸಿಗೆ ಕೊಡುತ್ತದೆ. ಮದ್ದಳೆ ಮತ್ತು ತಾಳ ಎರಡೂ ಪ್ರಸಂಗಕ್ಕೆ ಕೊಡುತ್ತವೆ. ಪ್ರಸಂಗ ಯಾರಿಗೂ ಕೊಡುವುದಿಲ್ಲ. ಒಟ್ಟು 9 ಲಿಂಕ್. ಏಳು ಚುಕ್ಕಿ ಇಟ್ಟು ಬಾಣ ಎಳೆಯಿರಿ.

ಮೊದಲು ಒಳಬರುವ ಲಿಂಕ್ ಎಣಿಸಿ. ಚೆಂಡೆಗೆ 2, ಗೆಜ್ಜೆಗೆ 2, ಮುಂಡಾಸಿಗೆ 2, ಪ್ರಸಂಗಕ್ಕೆ 2, ಕೇದಗೆಗೆ 1. ಮದ್ದಳೆ, ತಾಳಕ್ಕೆ ಸೊನ್ನೆ. ಇಷ್ಟಕ್ಕೇ ನಿಲ್ಲಿಸಿದರೆ ಮದ್ದಳೆ, ತಾಳ ಲೆಕ್ಕಕ್ಕಿಲ್ಲದವು ಅನಿಸುತ್ತದೆ. ಆದರೆ ಆ ಎರಡನ್ನು ತೆಗೆದು ನೋಡಿ. ಇಡೀ ಚಿತ್ರ ಮೂರು ತುಂಡಾಗುತ್ತದೆ. ಬೇರೆಯವರನ್ನು ತೋರಿಸಿಕೊಡುವ ತಾಣವನ್ನು ಕ್ಲೈನ್‌ಬರ್ಗ್ ಹಬ್ ಅಂದರು, ಎಲ್ಲರೂ ತೋರಿಸುವ ತಾಣವನ್ನು ಅಥಾರಿಟಿ ಅಂದರು. ಮದ್ದಳೆ ಮತ್ತು ತಾಳ ಹಬ್‌ಗಳು. ಯಾರೂ ಹೊಗಳದ, ಆದರೆ ಎಲ್ಲರ ಪರಿಚಯವೂ ಇರುವ ಮನುಷ್ಯ ಪ್ರತಿ ಊರಲ್ಲೂ ಒಬ್ಬರು ಇರುತ್ತಾರೆ ಅಲ್ವಾ, ಹಾಗೆ.

ಈಗ ಪ್ರಸಂಗವನ್ನು ನೋಡಿ. ಅದಕ್ಕೂ ಒಳಬರುವುದು 2, ಚೆಂಡೆಗೂ 2. ಅಂಕಿ ಒಂದೇ, ಪಾತ್ರ ಬೇರೆ. ತೆಂಕಿನ ಮೂರರಲ್ಲಿ ಒಂದು, ಬಡಗಿನ ಮೂರರಲ್ಲಿ ಒಂದು ಹಿಡಿದರೆ 9 ಜೋಡಿ ಆಗುತ್ತವೆ. ಬಾಣದ ದಿಕ್ಕು ಮರೆತು ದಾರಿ ಹುಡುಕಿದರೆ ಒಂಬತ್ತೂ ಜೋಡಿಯ ದಾರಿ ಪ್ರಸಂಗದ ಮೂಲಕವೇ ಹೋಗುತ್ತದೆ. ಈ ಎಣಿಕೆಗೆ ಬಿಟ್ವೀನ್‌ನೆಸ್ ಎಂದು ಹೆಸರು. ಪಡುಬಿದ್ರಿ ದೊಡ್ಡ ಪೇಟೆ ಅಲ್ಲ. ಆದರೂ ಹೆದ್ದಾರಿಯಿಂದ ಕಾರ್ಕಳಕ್ಕೆ ತಿರುಗುವವರಿಗೆ ಪಡುಬಿದ್ರಿ ಬೇಕೇ ಬೇಕು. ಪ್ರಸಂಗ ತಾಣ ನಮ್ಮ ಪಡುಬಿದ್ರಿ.

ಬಾಣದ ದಿಕ್ಕು ಲೆಕ್ಕಕ್ಕೆ ತೆಗೆದುಕೊಂಡರೆ ಇದೇ ಪ್ರಸಂಗದ ಬಿಟ್ವೀನ್‌ನೆಸ್ 0. ಯಾಕೆಂದರೆ ಅಲ್ಲಿಂದ ಹೊರಗೆ ಹೋಗುವ ದಾರಿಯೇ ಇಲ್ಲ. ಓದುಗ ತೆಂಕಿನಿಂದ ಪ್ರಸಂಗಕ್ಕೆ ಬರಬಹುದು, ಆದರೆ ಅಲ್ಲಿಂದ ಬಡಗಿಗೆ ಹೋಗಲಾರ. ಎರಡು ಅಂಕಿಯೂ ನಿಜ. ಒಂದು ಸಂಬಂಧದ ಬಗ್ಗೆ ಹೇಳುತ್ತದೆ, ಇನ್ನೊಂದು ಓದುಗನ ಓಡಾಟದ ಬಗ್ಗೆ. ನಿಮ್ಮ ಪ್ರಶ್ನೆ ಯಾವುದು ಎಂದು ನೋಟ್‌ಬುಕ್‌ನ ಮೊದಲ ಸಾಲಿಗೆ ಹೋಗಿ ನೋಡಿ.

ಕೊನೆಯದಾಗಿ ಮದ್ದಳೆ ಮತ್ತು ತಾಳ. ಇಬ್ಬರ ನಡುವೆ ನೇರ ಲಿಂಕ್ ಇಲ್ಲ. ಆದರೂ ಇಬ್ಬರೂ ಪ್ರಸಂಗಕ್ಕೆ ಹೋಗುತ್ತಾರೆ. ಕೆಸ್ಲರ್ ಹೇಳಿದ ಹತ್ತಿರದ ಸಂಬಂಧ ಇದೇ. ತೆಂಕು ಬಡಗಿನವರು ಒಬ್ಬರ ಹೆಸರು ಇನ್ನೊಬ್ಬರು ಹೇಳದಿದ್ದರೂ ಒಂದೇ ಪ್ರಸಂಗದ ಪುಸ್ತಕ ತೆರೆಯುತ್ತಾರೆ. ನೇರ ಲಿಂಕ್ ಮಾತ್ರ ನೋಡಿದ್ದರೆ ಇದು ಕಾಣುತ್ತಿರಲಿಲ್ಲ.

ಏಳನೇ ಹೆಜ್ಜೆ: ಗೆಫಿಯಲ್ಲಿ ನಕ್ಷೆ

ಸ್ಪ್ರೆಡ್‌ಶೀಟ್ ಅನ್ನು ಸಿಎಸ್‌ವಿ ಆಗಿ ಉಳಿಸಿ, ಉಳಿಸುವಾಗ ಯುಟಿಎಫ್-8 ಆರಿಸಿ. ಇಲ್ಲದಿದ್ದರೆ ಕನ್ನಡ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ಮೊದಲೆರಡು ಕಾಲಂಗಳ ತಲೆಬರಹ ಸೋರ್ಸ್, ಟಾರ್ಗೆಟ್ ಎಂದು ಇಂಗ್ಲಿಷ್ ಅಕ್ಷರದಲ್ಲೇ ಇರಲಿ. ಗೆಫಿಯಲ್ಲಿ ಇಂಪೋರ್ಟ್ ಸ್ಪ್ರೆಡ್‌ಶೀಟ್ ಒತ್ತಿ, ಎಡ್ಜ್ ಟೇಬಲ್ ಎಂದು ಹೇಳಿ, ಡೈರೆಕ್ಟೆಡ್ (ಬಾಣಕ್ಕೆ ದಿಕ್ಕು ಇದೆ ಎಂದರ್ಥ) ಆರಿಸಿ. ತಾಣದ ಹೆಸರುಗಳು ಚೌಕ ಚೌಕವಾಗಿ ಕಂಡರೆ ಲೇಬಲ್ ಫಾಂಟ್ ಅನ್ನು ನೋಟೋ ಸ್ಯಾನ್ಸ್ ಕನ್ನಡಕ್ಕೆ ಬದಲಿಸಿ.

ಮೊದಲಿಗೆ ಕಾಣುವುದು ಕೂದಲ ಗಂಟಿನಂಥ ಚಿತ್ರ. ಲೇಔಟ್‌ನಲ್ಲಿ ಫೋರ್ಸ್ ಅಟ್ಲಾಸ್ 2 ಆರಿಸಿ ರನ್ ಒತ್ತಿ. ತಾಣಗಳು ಒಂದನ್ನೊಂದು ದೂರ ತಳ್ಳುತ್ತವೆ, ಲಿಂಕ್ ಇರುವವು ಸ್ಪ್ರಿಂಗ್‌ನಂತೆ ಹತ್ತಿರ ಎಳೆಯುತ್ತವೆ. ನೋಡುತ್ತಾ ಇದ್ದರೆ ಗಂಟು ಬಿಚ್ಚಿಕೊಂಡು ಗುಂಪುಗಳು ಬೇರೆ ಬೇರೆ ನಿಲ್ಲುತ್ತವೆ. ಗುಂಪು ಇನ್ನಷ್ಟು ಸ್ಪಷ್ಟವಾಗಬೇಕಿದ್ದರೆ ಲಿನ್‌ಲಾಗ್ ಮೋಡ್ ಹಾಕಿ. ಅಲುಗಾಟ ನಿಂತ ಮೇಲೆ ಸ್ಟಾಪ್ ಮಾಡಿ, ಪ್ರಿವೆಂಟ್ ಓವರ್‌ಲ್ಯಾಪ್ ಹಾಕಿ.

ಇಲ್ಲಿ ಒಂದು ಎಚ್ಚರ. ಈ ನಕ್ಷೆಗೆ ಮೇಲೆ ಕೆಳಗೆ, ಎಡ ಬಲ ಇಲ್ಲ. ಹತ್ತಿರ ದೂರ ಮಾತ್ರ ಇದೆ. ನನ್ನ ನಕ್ಷೆಯಲ್ಲಿ ತೆಂಕು ಮೇಲೆ, ಬಡಗು ಕೆಳಗೆ ಬಂತು. ನೋಡಿದವರೆಲ್ಲ ತಪ್ಪಾಗಿದೆ ಅಂದರು. ಲೇಔಟ್ ಪಟ್ಟಿಯಲ್ಲಿರುವ ರೊಟೇಟ್‌ನಿಂದ ಇಡೀ ಚಿತ್ರವನ್ನು ತಿರುಗಿಸಿದೆ. ಅರ್ಥ ಬದಲಾಗುವುದಿಲ್ಲ, ಓದುವವರಿಗೆ ಸುಲಭ.

ಮುಂದೆ ಬಣ್ಣ. ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಮಾಡ್ಯುಲಾರಿಟಿ ರನ್ ಮಾಡಿ. 2008ರಲ್ಲಿ ಬ್ಲಾಂಡೆಲ್ ಮತ್ತು ಜೊತೆಗಾರರು ಪ್ರಕಟಿಸಿದ ಲೂವೆನ್ ವಿಧಾನ ಇದರ ಹಿಂದಿದೆ. ಒಳಗೊಳಗೇ ಲಿಂಕ್ ಜಾಸ್ತಿ, ಹೊರಗೆ ಕಡಿಮೆ ಇರುವ ಗುಂಪುಗಳನ್ನು ಅದು ಹುಡುಕುತ್ತದೆ. ರೆಸಲ್ಯೂಶನ್ 1.0 ಇರುತ್ತದೆ. ಅದನ್ನು ಇಳಿಸಿದರೆ ಸಣ್ಣ ಸಣ್ಣ ಗುಂಪು ಹೆಚ್ಚು, ಏರಿಸಿದರೆ ದೊಡ್ಡ ಗುಂಪು ಕೆಲವೇ. 0.7, 1.0, 1.5 ಹೀಗೆ ಮೂರು ಸಲ ಮಾಡಿ, ಮೂರರಲ್ಲೂ ಒಟ್ಟಿಗೇ ಉಳಿಯುವ ತಾಣಗಳನ್ನು ಗುರುತು ಹಾಕಿಕೊಳ್ಳಿ. ಅವೇ ಗಟ್ಟಿ ಬಳಗ. ಮಾಡ್ಯುಲಾರಿಟಿ ಅಂಕ 0.3 ದಾಟಿದರೆ ಗುಂಪುಗಳಿವೆ ಎಂದು ಹೇಳುವ ರೂಢಿ ಇದೆ. ಲಿಂಕ್ ಕಡಿಮೆ ಇರುವ ಜಾಲದಲ್ಲಿ ಸುಮ್ನೆ ಎಳೆದ ಗೆರೆಗಳಿಗೂ ಆ ಅಂಕ ಬರಬಹುದು. ಹಾಗಾಗಿ ಅಂಕವೊಂದನ್ನೇ ನಂಬಬೇಡಿ.

ಕಾಗದದ ಮೇಲೆ ಮಾಡಿದ ಏಳು ತಾಣಗಳನ್ನು ಈ ಲೆಕ್ಕಕ್ಕೆ ಹಾಕಿದರೆ ಒಂದು ಸಂಗತಿ ಗೊತ್ತಾಗುತ್ತದೆ. ಪ್ರಸಂಗಕ್ಕೆ ತೆಂಕಿನಿಂದ ಒಂದು, ಬಡಗಿನಿಂದ ಒಂದು ಲಿಂಕ್. ಸಮ ಸಮ. ಆದರೂ ಲೆಕ್ಕ ಅದನ್ನು ಬಡಗಿನ ಬಣ್ಣಕ್ಕೆ ಸೇರಿಸುತ್ತದೆ. ಬಡಗಿನ ಗುಂಪಿನಲ್ಲಿ ಒಟ್ಟು ಲಿಂಕ್ ಕಡಿಮೆ ಇರುವುದಷ್ಟೇ ಕಾರಣ. ಈ ವಿಧಾನದಲ್ಲಿ ಒಂದು ತಾಣಕ್ಕೆ ಒಂದೇ ಬಣ್ಣ. ಎರಡು ಮನೆಯ ಮಗುವಿಗೆ ಒಂದೇ ಮನೆಯ ಹೆಸರು ಬರೆದ ಹಾಗೆ. ನಡುವಿನ ತಾಣಗಳಿಗೆ ನಾನು ಬಣ್ಣ ತೆಗೆದು ಬೂದು ಹಾಕುತ್ತೇನೆ.

ಬಿಟ್ವೀನ್‌ನೆಸ್ ಬೇಕಿದ್ದರೆ ನೆಟ್‌ವರ್ಕ್ ಡಯಾಮೀಟರ್ ರನ್ ಮಾಡಿ. ಅಲ್ಲಿ ಡೈರೆಕ್ಟೆಡ್, ಅನ್‌ಡೈರೆಕ್ಟೆಡ್ ಎಂದು ಕೇಳುತ್ತದೆ. ಪ್ರಸಂಗ ತಾಣದ ಆ ಸೊನ್ನೆ ಮತ್ತು ಒಂಬತ್ತನ್ನು ನೆನಪಿಸಿಕೊಂಡು ಆರಿಸಿ.

ಎಂಟನೇ ಹೆಜ್ಜೆ: ಬಲ್ಲವರ ಮುಂದೆ ಹಾಸಿ

ನಕ್ಷೆಯನ್ನು ಎಸ್‌ವಿಜಿ ಆಗಿ ತೆಗೆದು, ಎ3 ಹಾಳೆಯಲ್ಲಿ ಪ್ರಿಂಟ್ ಹಾಕಿಸಿ, ಆ ಲೋಕದಲ್ಲೇ ಬಾಳಿದವರ ಹತ್ತಿರ ಹೋಗಿ. ಇದನ್ನು ಬಿಡಲೇಬೇಡಿ. ನಾನು ತಾಳಮದ್ದಳೆಯಲ್ಲಿ ಪಾತ್ರದ ಮಾತು ಆಡುವ ಹಿರಿಯ ಅರ್ಥಧಾರಿಯೊಬ್ಬರ ಮನೆಯ ಚಾವಡಿಯಲ್ಲಿ ಹಾಳೆ ಹಾಸಿದೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಸುಮ್ಮನೆ ನೋಡಿದರು. ಆಮೇಲೆ ಎರಡು ತಾಣಗಳ ನಡುವೆ ಬೆರಳಿಟ್ಟು, "ಇಲ್ಲಿ ಗೆರೆ ಯಾಕಿಲ್ಲ ಮಾರಾಯ? ಇವರಿಬ್ಬರೂ ಹತ್ತು ವರ್ಷ ಒಂದೇ ಮೇಳದಲ್ಲಿ ಇದ್ದವರು" ಅಂದರು. ಗೆರೆ ಇಲ್ಲದ್ದಕ್ಕೆ ಕಾರಣ ಸರಳ. ಅವರಿಬ್ಬರೂ ದಿನಾ ಫೋನಿನಲ್ಲಿ ಮಾತಾಡುತ್ತಾರೆ. ತಾಣದಲ್ಲಿ ಲಿಂಕ್ ಹಾಕುವ ಅಗತ್ಯವೇ ಬಂದಿಲ್ಲ.

ಲಿಂಕ್ ಇದ್ದರೆ ಸಂಬಂಧ ಇದೆ ಎಂದು ಹೇಳಬಹುದು. ಲಿಂಕ್ ಇಲ್ಲದಿದ್ದರೆ ಸಂಬಂಧ ಇಲ್ಲ ಎಂದು ಹೇಳಲು ಬರುವುದಿಲ್ಲ. ಈಗಂತೂ ನಮ್ಮ ಯಕ್ಷಗಾನದ ಮಾತುಕತೆಯ ದೊಡ್ಡ ಪಾಲು ವಾಟ್ಸಾಪ್ ಗ್ರೂಪುಗಳಲ್ಲಿದೆ. ಅದು ಈ ನಕ್ಷೆಗೆ ಕಾಣುವುದಿಲ್ಲ. ಕಾಣಬಾರದು ಕೂಡ. ಗ್ರೂಪಿನೊಳಗಿನ ಹೆಸರು, ನಂಬರ್ ತೆಗೆದು ನಕ್ಷೆಗೆ ಹಾಕಬೇಡಿ. ಸಾರ್ವಜನಿಕವಾಗಿ ಪ್ರಕಟವಾದ ತಾಣಗಳಿಗಷ್ಟೇ ನಿಲ್ಲಿ. ವ್ಯಕ್ತಿಯ ಖಾಸಗಿ ಬ್ಲಾಗ್ ಆದರೆ ಪ್ರಕಟಿಸುವ ಮೊದಲು ಕೇಳಿ.

ಹಾಗೆಯೇ, ಲಿಂಕ್ ಕೊಟ್ಟವರೆಲ್ಲ ಒಪ್ಪಿಯೇ ಕೊಟ್ಟಿರುತ್ತಾರೆ ಅಂತಲೂ ಅಲ್ಲ. ಜಗಳಕ್ಕೂ ಲಿಂಕ್ ಬೇಕು. 2004ರ ಅಮೆರಿಕದ ಚುನಾವಣೆಯ ಹೊತ್ತಿನ ರಾಜಕೀಯ ಬ್ಲಾಗ್‌ಗಳ ನಕ್ಷೆಯನ್ನು ಲಾಡಾ ಅದಾಮಿಕ್ ಮತ್ತು ನಟಾಲಿ ಗ್ಲಾನ್ಸ್ 2005ರಲ್ಲಿ ಪ್ರಕಟಿಸಿದರು. ಎರಡು ಪಕ್ಷದವರು ಎರಡು ಗುಂಪಾಗಿ ನಿಂತ ಆ ಚಿತ್ರ ಈ ಕ್ಷೇತ್ರದಲ್ಲಿ ತುಂಬಾ ಪ್ರಸಿದ್ಧ. ನಡುವೆ ದಾಟಿಹೋಗುವ ಲಿಂಕ್‌ಗಳೂ ಅಲ್ಲಿದ್ದವು. ನಿಮ್ಮ ನಕ್ಷೆಯಲ್ಲಿ ಗುಂಪು ದಾಟುವ ಪ್ರತಿಯೊಂದು ಲಿಂಕನ್ನೂ ತೆರೆದು, ಸುತ್ತಲಿನ ನಾಲ್ಕು ಸಾಲು ಓದಿ. ಹೊಗಳಿಕೆಯೋ, ಟೀಕೆಯೋ, ಬರೀ ಮಾಹಿತಿಯೋ ಎಂದು ಗುರುತು ಹಾಕಿ. ಗುಂಪಿನೊಳಗಿನ ಲಿಂಕ್‌ಗಳು ನೂರಾರು ಇರುತ್ತವೆ, ದಾಟುವವು ಬೆರಳೆಣಿಕೆ. ಹಾಗಾಗಿ ಇದು ಒಂದು ಸಂಜೆಯ ಕೆಲಸ. ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅಂಕಿಗಳಲ್ಲಿ ಅಲ್ಲ, ಈ ಸಾಲುಗಳಲ್ಲಿ. ದಾಟುವ ಲಿಂಕ್‌ಗಳ ಹತ್ತಿರ ಹೆಚ್ಚಾಗಿ ಸಿಕ್ಕಿದ್ದು ಪ್ರಸಂಗದ ಪಠ್ಯ ಹುಡುಕುವವರ ಮಾತು ಮತ್ತು ತೀರಿಹೋದ ಕಲಾವಿದರಿಗೆ ಬರೆದ ನುಡಿನಮನ.

ಒಂಬತ್ತನೇ ಹೆಜ್ಜೆ: ಎತ್ತಿಡುವುದು

ಕಡತದ ಹೆಸರಿನಲ್ಲೇ ಕ್ರಾಲ್ ಮಾಡಿದ ದಿನಾಂಕ ಬರೆಯಿರಿ. ಶುಚಿ ಮಾಡುವ ಮೊದಲಿನ ಪಟ್ಟಿ, ಮಾಡಿದ ನಂತರದ ಪಟ್ಟಿ, ಬೇಲಿಯ ನಿಯಮ, ಹೊರಗಿಟ್ಟ ತಾಣಗಳ ಪಟ್ಟಿ, ಗೆಫಿಯ ಕಡತ ಐದೂ ಒಂದೇ ಫೋಲ್ಡರ್‌ನಲ್ಲಿರಲಿ. ಮುಂದಿನ ವರ್ಷ ಹೋಲಿಸಲು ಇವು ಬೇಕು.

ಆಮೇಲೆ ಬಿಟ್ವೀನ್‌ನೆಸ್ ಜಾಸ್ತಿ ಇರುವ ಹತ್ತು ತಾಣಗಳನ್ನು ಆರಿಸಿ, ವೇಬ್ಯಾಕ್ ಮಷೀನ್‌ನ ಸೇವ್ ಪೇಜ್ ನೌ ಪೆಟ್ಟಿಗೆಯಲ್ಲಿ ಒಂದೊಂದರ ವಿಳಾಸವನ್ನೂ ಹಾಕಿ ಉಳಿಸಿ. ಲಿಂಕ್‌ಗಳ ಪುಟವನ್ನು ಪ್ರತ್ಯೇಕವಾಗಿ ಹಾಕಿ, ಮುಖಪುಟ ಉಳಿಸಿದರೆ ಅದು ತಾನಾಗಿ ಉಳಿಯುತ್ತದೆ ಅಂತ ಬಿಡಬೇಡಿ. ಈ ಹತ್ತರಲ್ಲಿ ಕೆಲವು ಒಬ್ಬರೇ ನಡೆಸುವ ತಾಣಗಳಾಗಿರುತ್ತವೆ, ನಡೆಸುವವರಿಗೆ ವಯಸ್ಸೂ ಆಗಿರಬಹುದು. ಅವರಿಗೆ ಒಂದು ಫೋನ್ ಮಾಡಿ. ನಕ್ಷೆಯಲ್ಲಿ ಅವರ ತಾಣ ಎಲ್ಲಿ ನಿಂತಿದೆ ಎಂದು ತಿಳಿಸಿ, ಡೊಮೈನ್ ನವೀಕರಣ ಯಾವ ತಿಂಗಳು ಎಂದು ಕೇಳಿ ಬರೆದುಕೊಳ್ಳಿ.